ಒಂದೇ ಕೈಯಲ್ಲಿ ತೆರೆಯುವ ಚಾಕು

ನನ್ನ ಹತ್ತಿರ ಮಡಚುವ ಚಾಕುಗಳ ಒಂದು ಡಬ್ಬಿಯೇ ಇದೆ ಎಂದು ತಿಳಿದವರು ಮೊದಲು ನನ್ನ ಮುಖ ನೋಡುತ್ತಾರೆ. ಹೆಂಗಸರು ಸೀರೆ ಕೂಡಿಡುತ್ತಾರೆ, ಸ್ಟೀಲಿನ ಪಾತ್ರೆ ಕೂಡಿಡುತ್ತಾರೆ. ಚಾಕು ಯಾಕೆ? ನನ್ನ ಉತ್ತರ ಸರಳ. ನಮ್ಮವರು ತಮ್ಮ ಚಾಕುವನ್ನು ನನಗೆ ಮುಟ್ಟಗೊಡುತ್ತಿರಲಿಲ್ಲ. ಶುರುವಾದದ್ದು ಅಲ್ಲಿಂದ.

ನಮ್ಮವರು, ಅಂದರೆ ನನ್ನ ಗಂಡ, ಲೈನ್‌ಮನ್. ಎಪ್ಪತ್ತರ ದಶಕದ ಆರಂಭದಲ್ಲಿ, ಮದುವೆಯಾದ ಹೊಸದರಲ್ಲಿ, ನಾವು ಹಾನಗಲ್ಲಿನಲ್ಲಿದ್ದೆವು. ಅವರ ಖಾಕಿ ಪ್ಯಾಂಟಿನ ಕಿಸೆಯಲ್ಲಿ ದಪ್ಪ ಮರದ ಹಿಡಿಕೆಯ ಮಡಚುವ ಚಾಕು ಇರುತ್ತಿತ್ತು. ತಂತಿಯ ಮೇಲಿನ ಹೊದಿಕೆ ಸುಲಿಯಲು ಅದು ಬೇಕು. ಹಾನಗಲ್ಲಿನಲ್ಲಿ ಮಾವಿನ ಕಾಲವೆಂದರೆ ಮನೆಯ ಮೂಲೆಮೂಲೆಯಲ್ಲಿ ಹುಲ್ಲು ಹಾಸಿ ಕಾಯಿಗಳನ್ನು ಹಣ್ಣಿಗಿಟ್ಟಿರುತ್ತಾರೆ. ಮಲಗುವವರು ಹಣ್ಣಿಗೆ ಜಾಗ ಬಿಟ್ಟು ಮಲಗಬೇಕು. ಅಂಥ ಒಂದು ಮಧ್ಯಾಹ್ನ ಹಣ್ಣು ಹೆಚ್ಚಲು ಅವರ ಚಾಕು ಕೇಳಿದೆ.

"ಅದು ಕರೆಂಟಿನ ಚಾಕು," ಎಂದರು. "ಹಣ್ಣಿಗೆ ಹಚ್ಚಿದ್ರ ಹುಳಿ ತಿಂದು ಅಲಗು ಕರ್ರಗಾಗತೈತಿ. ಈಳಿಗಿ ಐತಲ್ಲ?"

"ಈಳಿಗಿ ಹೊತ್ಕೊಂಡು ತೋಟಕ್ಕ ಹೋಗಾಕ ಬರ್ತೈತೇನ್ರಿ?"

"ಹಂಗಾರ ನಿಂದ ಒಂದು ತಗೋ."

ಅವರು ಮಾತಿಗೆ ಹೇಳಿದ್ದರು. ನಾನು ಮುಂದಿನ ಸಂತೆಯಲ್ಲೇ ತೆಗೆದುಕೊಂಡೆ. ಹಿತ್ತಾಳೆಯ ಹಿಡಿಕೆ, ಕಿರುಬೆರಳಿನಷ್ಟು ಅಲಗು. ಮಾರುವವನಿಗೆ ಕೈ ಚಾಚಿದರೆ ಅವನು ಕೊಡಲಿಲ್ಲ. ಗೋಣಿತಟ್ಟಿನ ಮೇಲೆ ಇಟ್ಟು, "ಎತ್ಕೋರಿ ಅಕ್ಕಾರ" ಎಂದ. ನಮ್ಮ ಕಡೆ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳವಾಗುತ್ತದೆ ಎಂಬ ನಂಬಿಕೆ. ಒಬ್ಬರು ನೆಲಕ್ಕಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಗಂಡಹೆಂಡತಿ ಕೂಡ ಹಾಗೆಯೇ. ನಾವು ಜಗಳವಾಡಲಿಲ್ಲ ಎಂದಲ್ಲ, ಆದರೆ ಅದಕ್ಕೆ ಬೇರೆ ಕಾರಣಗಳಿದ್ದವು.

ಆ ಚಾಕು ಸೊಂಟದ ಸಂಚಿಯಲ್ಲಿ ಎಲೆಅಡಿಕೆಯ ಜೊತೆ ಇರತೊಡಗಿತು. ಇದ್ದ ಮೇಲೆ ದಿನಕ್ಕೆ ಎಷ್ಟು ಸಲ ಬೇಕಾಗುತ್ತದೆ ಎಂದು ತಿಳಿಯಿತು. ಹೂವಿನ ದಾರ, ಎಳೆ ಸೌತೆಕಾಯಿ, ಗೊಬ್ಬರದ ಚೀಲದ ಬಾಯಿ, ಕಾಲಿಗೆ ಚುಚ್ಚಿದ ಜಾಲಿ ಮುಳ್ಳು, ಮುಂದೆ ಮಗಳು ಸಾಲೆಗೆ ಹೋಗತೊಡಗಿದ ಮೇಲೆ ಅವಳ ಪೆನ್ಸಿಲ್. ಕೆಲಸ ಹೆಚ್ಚಿದಂತೆ ಅದರ ಕೊರತೆಗಳೂ ಕಂಡವು. ಹಿತ್ತಾಳೆ ಬೆವರಿನ ಕೈಗೆ ಜಾರುತ್ತಿತ್ತು. ಇನ್ನೊಂದು ಇದ್ದರೆ ಹೇಗಿರುತ್ತದೋ ಎನಿಸಿತು. ಕೂಡಿಡುವವರೆಲ್ಲ ಕೆಡುವುದು ಈ "ಇನ್ನೊಂದು" ಎಂಬುದರಿಂದಲೇ.

ಶಿಗ್ಗಾಂವಿಗೆ ವರ್ಗವಾದಾಗ ನನ್ನ ಸಾಮಾನಿನಲ್ಲಿ ಒಂದು ಬಿಸ್ಕೀಟಿನ ಡಬ್ಬಿ ಚಾಕುಗಳಿಗಾಗಿಯೇ ಇತ್ತು. ಹೊಸದು ಬಂದರೆ ನಾನು ಅದಕ್ಕೆ ಪರೀಕ್ಷೆ ಇಡುತ್ತಿದ್ದೆ. ಮೊದಲು ಮಾಗಿದ ಟೊಮೆಟೊ: ಒತ್ತದೆ, ಬರೀ ಎಳೆದರೆ ಸಿಪ್ಪೆ ಬಿಡಬೇಕು. ಆಮೇಲೆ ಸೆಣಬಿನ ಹುರಿ. ಕೊನೆಗೆ ಪೆನ್ಸಿಲ್, ಯಾಕೆಂದರೆ ಮೊನೆ ಮುರಿಯದಂತೆ ಹೆರೆಯುವುದರಲ್ಲಿ ಚಾಕುವಿನ ಗುಣ ಗೊತ್ತಾಗುತ್ತದೆ. ಹೊಳೆಯುವ ಸ್ಟೀಲಿನ ಅಲಗು ತುಕ್ಕು ಹಿಡಿಯುವುದಿಲ್ಲ, ಆದರೆ ಒಮ್ಮೆ ಮೊಂಡಾದರೆ ಮಸೆಯಲು ಬಹಳ ಸತಾಯಿಸುತ್ತದೆ. ಕರಿ ಕಬ್ಬಿಣ ಮನೆಯ ಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಸಾಕು, ಹೇಳಿದ ಮಾತು ಕೇಳುತ್ತದೆ. ಆದರೆ ಹುಳಿಗೆ ಮುಖ ಕಪ್ಪಿಡುತ್ತದೆ, ಒರೆಸದೆ ಇಟ್ಟರೆ ಮರುದಿನ ಕಂದು ಚುಕ್ಕೆ. ಹಿಡಿಕೆಗಳಲ್ಲಿ ನನಗೆ ಎಮ್ಮೆಯ ಕೊಂಬಿನದೇ ಮೇಲು. ಬೇಸಿಗೆಯಲ್ಲಿ ತಣ್ಣಗೆ, ಚಳಿಯಲ್ಲಿ ಬೆಚ್ಚಗೆ. ಪ್ಲಾಸ್ಟಿಕ್ಕಿನ ಹಿಡಿಕೆಯೊಳಗೆ ಬಣ್ಣದ ಚಿತ್ರ ಇಟ್ಟ ಚಾಕು ಕೂಡ ಒಂದಿತ್ತು. ಅದು ಟೊಮೆಟೊ ಕೊಯ್ಯುವ ಬದಲು ಒಡೆಯುತ್ತಿತ್ತು. ಆದರೂ ಚಿತ್ರ ಚೆನ್ನಾಗಿತ್ತು, ಇಟ್ಟುಕೊಂಡೆ.

ಶಿಗ್ಗಾಂವಿಯ ನೆರೆಮನೆಯಾಕೆ ನಾನು ಪಡಸಾಲೆಯಲ್ಲಿ ಚಾಕು ಹರವಿಕೊಂಡು ಕೂತರೆ ಬಾಗಿಲಲ್ಲೇ ನಿಲ್ಲುತ್ತಿದ್ದಳು.

"ಏನಕ್ಕಾ, ಗಂಡ ಕಂಬ ಹತ್ತತಾನ, ನೀ ಚಾಕು ಮಸೀತಿ. ನಿಮ್ಮ ಮನಿಗೆ ಕಳ್ಳ ಬಂದ್ರ ಅವನ ಗತಿ ಏನು?"

"ಬರ್ಲಿ ಬಿಡ. ಕುಂದ್ರಿಸಿ ಸೌತಿಕಾಯಿ ಹೆಚ್ಚಿ ಕೊಡ್ತೇನಿ."

ಇಷ್ಟೇ ಆಗಿದ್ದರೆ ಇದು ಒಬ್ಬ ಹೆಂಗಸಿನ ಹುಚ್ಚಾಗಿ ಉಳಿಯುತ್ತಿತ್ತು. ಸವಣೂರಿಗೆ ಬಂದ ಮೇಲೆ ಆ ಹುಚ್ಚಿಗೆ ಕೆಲಸ ಸಿಕ್ಕಿತು.

ಸವಣೂರಿನಲ್ಲಿ ಒಂದು ಮಳೆಗಾಲ, ಎಲೆತೋಟಗಳ ನಡುವೆ ಹಾದುಹೋಗುವ ಲೈನಿನಲ್ಲಿ ನಮ್ಮವರು ಕೆಲಸ ಮಾಡುತ್ತಿದ್ದಾಗ, ಪಕ್ಕದ ಬೇವಿನ ಟೊಂಗೆ ಗಾಳಿಗೆ ಮುರಿದು, ಕರೆಂಟಿದ್ದ ತಂತಿಯನ್ನು ಎಳೆದುಕೊಂಡು ಇವರು ಹಿಡಿದ ತಂತಿಯ ಮೇಲೆ ಬಿತ್ತು. ಯಾರ ತಪ್ಪೂ ಇರಲಿಲ್ಲ. ಎಡಗೈ ಸುಟ್ಟಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಬಹಳ ದಿನ ಇದ್ದೆವು. ಜೀವ ಉಳಿಯಿತು, ಕೈಯೂ ಉಳಿಯಿತು, ಆದರೆ ಆ ಕೈಯ ಬೆರಳುಗಳು ಮಡಚಿಕೊಂಡೇ ಗಾಯ ಮಾಯಿತು. ಕೊಕ್ಕೆಯ ಹಾಗೆ. ಹೆಬ್ಬೆರಳಿತ್ತು, ಅದರಲ್ಲಿ ಬಲವಿರಲಿಲ್ಲ.

ಅವರನ್ನು ಆಫೀಸಿನ ಸಾಮಾನಿನ ಕೋಣೆಯಲ್ಲಿ ಕೂರಿಸಿದರು. ಕಂಬಕ್ಕೆ ಹಾಕುವ ಪಿಂಗಾಣಿ ಕಪ್ಪುಗಳನ್ನು ಜೋಡಿಸುವುದು, ತಂತಿಯ ಸುರುಳಿ ಕೊಡುವುದು, ತೆಗೆದುಕೊಳ್ಳುವುದು. ಸಂಬಳ ಅದೇ. ನೆರಳಿನ ಕೆಲಸ, ಅದೃಷ್ಟ ಎಂದು ಜನ ಹೇಳಿದರು. ನಮ್ಮವರಿಗೆ ನೆರಳು ಬೇಕಿರಲಿಲ್ಲ. ಲೈನಿನ ಮಂದಿಯ ಜೊತೆ ಹೊಲ ತಿರುಗಿದ ಮನುಷ್ಯನಿಗೆ ಸಂಜೆ ಮನೆಗೆ ಬಂದರೆ ಹೇಳಲು ಒಂದು ಮಾತಿರುತ್ತಿರಲಿಲ್ಲ. ಮೊದಲೆಲ್ಲ ಊಟದ ಹೊತ್ತಿಗೆ ಯಾವ ಕಂಬದ ಮೇಲೆ ಗೀಜಗ ಗೂಡು ಕಟ್ಟಿದೆ, ಯಾರ ಹೊಲದಲ್ಲಿ ಯಾರ ನಾಯಿ ಅಟ್ಟಿಸಿಕೊಂಡು ಬಂತು ಎಂದು ಕಥೆ ಹೇಳುತ್ತಿದ್ದವರು, ಈಗ ತಾಟು ನೋಡಿಕೊಂಡು ಉಣ್ಣುತ್ತಿದ್ದರು.

ಅವರ ತಂಡದ ಮುಖ್ಯಸ್ಥ ಒಳ್ಳೆಯ ಮನುಷ್ಯ. ಮನೆಗೇ ಬಂದು ಹೇಳಿದ. "ಕಂಬ ಹತ್ತೂದು ಬ್ಯಾಡೋ ಮಾರಾಯಾ. ಕೆಳಗ ನಿಂತು ತಂತಿ ಸುಲಿ, ಜೋಡಿಸು, ಹೊಸಬರಿಗೆ ತೋರಿಸು. ನಾಳೆನ ಬಾ."

ಹೋದರು. ಸಂಜೆ ಬಂದು ಚಾಕುವನ್ನು ಗೂಡಿನಲ್ಲಿಟ್ಟು, "ನಾ ಇನ್ನ ಹೋಗಂಗಿಲ್ಲ" ಎಂದರು.

"ಯಾಕ್ರಿ? ತಂತಿ ಹಿಡಿಯಾಕ ಬರ್ಲಿಲ್ಲೇನು?"

"ತಂತಿ ಹಿಡೀತೈತಿ." ಎಡಗೈ ಎತ್ತಿ ತೋರಿಸಿದರು. "ಕೊಕ್ಕಿ ಇದ್ದಂಗ ಐತಲ್ಲ, ಮೊದಲಿಗಿಂತ ಗಟ್ಟಿ ಹಿಡೀತೈತಿ. ಚಾಕು ತೆರಿಯಾಕ ಬರಂಗಿಲ್ಲ. ಇಡೀ ದಿನ ಅದ. ತಮ್ಮಾ, ಇದನ್ನ ತೆರದು ಕೊಡೋ. ತಮ್ಮಾ, ಇದನ್ನ ಮುಚ್ಚಿ ಕೊಡೋ. ಅವರು ಬ್ಯಾಸರ ಮಾಡ್ಕೊಳ್ಳಲಿಲ್ಲ. ಬ್ಯಾಸರಾದದ್ದು ನನಗ."

ಮಡಚುವ ಚಾಕು ಬಳಸಿದವರಿಗೆ ಇದು ಗೊತ್ತಿರುತ್ತದೆ. ಅಲಗಿನ ಮೇಲೆ ಉಗುರು ಸಿಕ್ಕಿಸಲು ಒಂದು ಸಣ್ಣ ಕಚ್ಚು ಇರುತ್ತದೆ. ಹಿಡಿಕೆಯ ಬೆನ್ನಿನಲ್ಲಿರುವ ಸ್ಪ್ರಿಂಗ್ ಅಲಗನ್ನು ಬಿಗಿಯಾಗಿ ಒಳಗೆ ಹಿಡಿದಿರುತ್ತದೆ. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯ ಉಗುರು ಕಚ್ಚಿನಲ್ಲಿ. ಎರಡು ಕೈ ಇರುವವರಿಗೆ ಇದು ಕೆಲಸವೇ ಅಲ್ಲ. ನಮ್ಮವರು ಹಲ್ಲಿನಿಂದ ತೆರೆಯಲು ನೋಡಿದರು. ತುಟಿ ಕೊಯ್ದಿತು. ಮಡಚದ ಚಾಕುವಿಗೆ ಚರ್ಮದ ಒರೆ ಮಾಡಿಸಿ ಸೊಂಟಕ್ಕೆ ಕಟ್ಟಿಕೊಳ್ಳಿ ಎಂದು ನಾನೇ ಹೇಳಿದೆ.

"ನಡಕ್ಕ ಚೂರಿ ಕಟ್ಕೊಂಡು ಮಂದಿ ಹೊಲಕ್ಕ ಹೋದ್ರ, ಕರೆಂಟ್ ಕೊಡಾಕ ಬಂದಾನ ಅಂತಾರೋ, ಕೋಳಿ ಕೊಯ್ಯಾಕ ಬಂದಾನ ಅಂತಾರೋ?"

ನನಗೂ ನಗು ಬಂತು. ಆದರೆ ಆ ರಾತ್ರಿಯ ಊಟದಲ್ಲೂ ಮಾತಿರಲಿಲ್ಲ. ಮರುದಿನ ನನ್ನ ಬಿಸ್ಕೀಟಿನ ಡಬ್ಬಿಯನ್ನು ಅವರ ಮುಂದೆ ಮಗುಚಿದೆ. ಇಷ್ಟು ವರ್ಷ ನಾನು ಅಲಗಿನ ಹರಿತ ನೋಡಿದ್ದೆ, ಹಿಡಿಕೆಯ ತಂಪು ನೋಡಿದ್ದೆ. ಈಗ ಪ್ರಶ್ನೆ ಒಂದೇ ಉಳಿದಿತ್ತು: ಯಾವುದು ಒಂದು ಕೈಗೆ ತೆರೆಯುತ್ತದೆ? ಒಂದೊಂದನ್ನೇ ಎತ್ತಿಕೊಂಡು, ತೊಡೆಗೆ ತಿಕ್ಕಿ, ಬೆಲ್ಟಿನ ಬಕ್ಕಲಿಗೆ ಸಿಕ್ಕಿಸಿ ನೋಡಿದರು. ಒಂದೂ ಒಪ್ಪಲಿಲ್ಲ.

ಸವಣೂರಿನ ಪೇಟೆಯಲ್ಲಿ ಬೀಗ, ಅಡಕೊತ್ತು, ಕತ್ತರಿ ಮಾರುವ ಒಂದು ಅಂಗಡಿಯಿತ್ತು. ಅದರ ಯಜಮಾನ ಬಿಳಿ ಗಡ್ಡದ ಸಾಬರು. ಕೊಂಬಿನ ಹಿಡಿಕೆಗಳನ್ನು ಅವರ ಮನೆಯಲ್ಲೇ ತಿದ್ದುತ್ತಿದ್ದರು; ಅಂಗಡಿಯ ಹಿಂದಿನಿಂದ ಅರದ ಸದ್ದು, ಕೊಂಬು ತಿಕ್ಕಿದ ವಾಸನೆ ಬರುತ್ತಿತ್ತು. ನಾನು ಹೋಗಿ ವಿಷಯ ಹೇಳಿದೆ.

"ಯಾವ ಕೈ ಹೋಗೈತಿ ಬೇಟಿ?"

"ಎಡಗೈರಿ."

ಅವರು ತಮ್ಮ ಎಡಗೈಯನ್ನು ಬೆನ್ನ ಹಿಂದಿಟ್ಟುಕೊಂಡರು. ಬಲಗೈಯಿಂದ ಒಂದು ಚಾಕು ಎತ್ತಿಕೊಂಡು ತೆರೆಯಲು ನೋಡಿದರು. ಆಗಲಿಲ್ಲ. ಇನ್ನೊಂದು ಎತ್ತಿಕೊಂಡರು. ಗಿರಾಕಿಯೊಬ್ಬ ಬೀಗ ಕೇಳಿದರೆ, "ಜರಾ ತಡಿಯಪ್ಪಾ" ಎಂದರು. ಕೊನೆಗೆ ಹಣೆ ಒರೆಸಿಕೊಂಡು ಹೇಳಿದರು. "ಐವತ್ತು ವರ್ಷ ಆತು ಈ ಧಂದೆ ಮಾಡಾಕತ್ತಿ. ಇದು ಹಿಂಗ ತ್ರಾಸು ಕೊಡತೈತಿ ಅಂತ ನನಗ ಇವತ್ತ ಗೊತ್ತಾತು ನೋಡ್ರಿ."

ಆಮೇಲೆ ಸ್ಪ್ರಿಂಗ್ ಮೆತ್ತಗಿರುವ ಚಾಕುಗಳನ್ನು ಆರಿಸಿ ಒಂದು ಬಟ್ಟೆಯಲ್ಲಿ ಕಟ್ಟಿದರು. "ಮನಿಗೆ ಒಯ್ರಿ. ರೊಕ್ಕದ ಮಾತು ಬ್ಯಾಡ. ಅವರ ಕೈ ಯಾವುದಕ್ಕ ಹೂಂ ಅಂತೈತೋ ಅದು ಅವರದು. ಉಳಿದದ್ದು ವಾಪಸ್ ತರ್ರಿ."

ಆ ವರ್ಷ ಎಷ್ಟು ಸಲ ಆ ಗಂಟು ಹೋಗಿ ಬಂತೋ. ಹೊಸ ಮಾಲು ಬಂದಾಗಲೆಲ್ಲ ಸಾಬರು ಮೊದಲು ಕೈ ಬೆನ್ನಿಗೆ ಕಟ್ಟಿ ನೋಡುತ್ತಿದ್ದರು. ಪೇಟೆಯಲ್ಲಿ ಹಾದುಹೋಗುವಾಗ ನಾನೇ ಕಂಡಿದ್ದೇನೆ. ಯಾರೋ ಒಬ್ಬ ಲೈನ್‌ಮನ್ ಸಲುವಾಗಿ, ಗಿರಾಕಿಗಳನ್ನು ನಿಲ್ಲಿಸಿ. ಇವತ್ತಿಗೂ ಸವಣೂರಿನ ಎಲೆ ಬಾಯಿಗಿಟ್ಟರೆ ನನಗೆ ಮೊದಲು ನೆನಪಾಗುವುದು ಎಲೆಯ ಖಾರವಲ್ಲ, ಆ ಬೆನ್ನ ಹಿಂದಿನ ಕೈ.

ಸಾಬರೇ ಒಮ್ಮೆ ಹೇಳಿದರು. "ಹುಲಗೂರ ಉರುಸಿನ್ಯಾಗ ಗುಂಡಿ ಒತ್ತಿದ್ರ ಹಾರೋ ಚಾಕು ಬರ್ತಾವ. ನಾ ಇಡಂಗಿಲ್ಲ, ಪೋಲೀಸರ ಕಿರಿಕಿರಿ. ಒಂದು ನೋಡ್ರಿ ಬೇಕಾದ್ರ."

ಹುಲಗೂರಿಗೆ ಹೋಗಿ, ದರ್ಗಾಕ್ಕೆ ಸಕ್ಕರೆ ಓದಿಸಿ, ಅಂಗಡಿ ಸಾಲಿನಲ್ಲಿ ಗುಂಡಿ ಚಾಕು ತಂದೆ. ಮನೆಯಲ್ಲಿ ಒತ್ತಿದರೆ ಠಣ್ಣನೆ ಹಾರಿತು. ನಮ್ಮವರ ಮುಖ ಅರಳಿತು. ಒಂದು ವಾರವೂ ಆಗಿರಲಿಲ್ಲ, ಸಾಮಾನಿನ ಕೋಣೆಯಲ್ಲಿ ಅವರು ಬಗ್ಗಿದಾಗ ಅಂಗಿಯ ಕಿಸೆಯಲ್ಲೇ ಹಾರಿ, ಕಿಸೆ ಹರಿದು, ಬೀಡಿ ಕಟ್ಟನ್ನು ಸೀಳಿತು. ಪುಣ್ಯಕ್ಕೆ ಮೈಗೆ ತಾಗಲಿಲ್ಲ.

"ಇದು ಬ್ಯಾಡ," ಎಂದು ಅದನ್ನು ನೆಲಕ್ಕಿಟ್ಟರು. "ನಾ ಹೇಳಿದಾಗ ತೆರಿಯಂಗಿಲ್ಲ, ತನಗ ಬೇಕಾದಾಗ ತೆರೀತೈತಿ. ಅಂಥಾದ್ದು ಮನ್ಯಾಗ ಈಗಾಗಲೇ ಒಂದೈತಿ."

"ಯಾವುದರಿ?"

"ನಿನ್ನ ಬಾಯಿ."

ಬಹಳ ದಿನಗಳ ಮೇಲೆ ಅವರು ಆಡಿದ ಚೇಷ್ಟೆ. ಬೈಗುಳವೇ ಆದರೂ ನನಗೆ ಸಿಹಿಯಾಗಿ ಕೇಳಿತು.

ಎಂಬತ್ತರ ದಶಕದ ಮೊದಲಲ್ಲಿ ಹಿರೇಕೆರೂರಿಗೆ ವರ್ಗವಾಯಿತು. ಅಲ್ಲಿಯೂ ಸಾಮಾನಿನ ಕೋಣೆಯೇ. ಹೊರಡುವ ಮುನ್ನ ಸಾಬರು ಒಂದು ಕೊಂಬಿನ ಹಿಡಿಕೆಯ ಚಾಕು ಕೊಟ್ಟರು. ಅದರ ಸ್ಪ್ರಿಂಗನ್ನು ತಾವೇ ಅರ ಹಾಕಿ ಸವೆಸಿ ತೆಳ್ಳಗೆ ಮಾಡಿದ್ದರು. ಬಕ್ಕಲಿಗೆ ಸಿಕ್ಕಿಸಿ ಎಳೆದರೆ ಹತ್ತರಲ್ಲಿ ನಾಲ್ಕು ಸಲ ತೆರೆಯುತ್ತಿತ್ತು. ಅಷ್ಟೇ ಆದರೂ ನಮ್ಮವರು ಅದನ್ನು ಬಿಡಲಿಲ್ಲ. ದಿನಾ ಸಂಜೆ ಕಟ್ಟೆಯ ಮೇಲೆ ಕೂತು ರೂಢಿ ಮಾಡುತ್ತಿದ್ದರು. "ದಸರಾ ಮುಗೀಲಿ, ಒಮ್ಮೆ ಕೇಳಿ ನೋಡ್ತೇನಿ" ಎಂದು ಒಂದು ಸಲ ತಾವಾಗಿಯೇ ಹೇಳಿದರು. ಏನು ಕೇಳುವುದು ಎಂದು ನಾನು ಬಿಡಿಸಿ ಕೇಳಲಿಲ್ಲ. ಲೈನಿಗೆ ಹೋಗುವ ಮಾತು ಅದು.

ದಸರೆಗೆ ಅತ್ತೆ ಬಂದರು. ಖಂಡೇಪೂಜೆಯ ದಿನ ನಮ್ಮ ಕಡೆ ಮನೆಯ ಕಬ್ಬಿಣವೆಲ್ಲ ದೇವರಾಗುತ್ತದೆ. ಕುಡಗೋಲು, ಈಳಿಗೆ, ಇಕ್ಕಳ, ನಮ್ಮವರ ಸ್ಪಾನರ್, ನನ್ನ ಚಾಕುಗಳು, ಎಲ್ಲ ಮಣೆಯ ಮೇಲೆ ಕೂತವು. ನಾನು ವಿಭೂತಿ ಹಚ್ಚಿ, ಹೂ ಇಟ್ಟು ಎದ್ದೆ. ಅತ್ತೆಗೆ ಸಮಾಧಾನವಾಗಲಿಲ್ಲ.

"ಇದೇನ ಪೂಜಿ? ಮೈ ತೊಳೀಲಾರದ ಹೂ ಏರಿಸಿದ್ರ ನಡೀತೈತೇನು?"

"ಅತ್ತಿ, ಅವು ಮಡಚೋ ಚಾಕುರಿ. ಒಳಗ ನೀರು ಹೋದ್ರ ತುಕ್ಕು ಹಿಡೀತೈತಿ."

"ವರ್ಷಾಪೂರ್ತಿ ದುಡಿಸ್ಕೋತೀರಿ, ಒಂದಿನ ಎರಕೊಳ್ಳಾಕ ಬಿಡಂಗಿಲ್ಲ. ಸರೀ ಅತ್ತಾಗ."

ಒಂದೊಂದನ್ನೂ ತೆರೆಸಿ, ಹಾಲು ಹಾಕಿ, ಅರಿಶಿನದ ನೀರು ಹಾಕಿ, ತೆಂಗಿನಕಾಯಿ ಒಡೆದು ಆ ನೀರನ್ನೂ ಎರೆದು, ಬೊಟ್ಟಿಟ್ಟು ಮಡಚಿ, ಹೊಸ ಕುಪ್ಪಸದ ಬಟ್ಟೆಯಲ್ಲಿ ಮುಚ್ಚಿದರು. ಪೂಜೆಗೆ ಕೂತ ಕಬ್ಬಿಣವನ್ನು ಮರುದಿನ ಬನ್ನಿ ಮುಡಿಯುವವರೆಗೆ ಮುಟ್ಟಬಾರದು. ಬನ್ನಿ ಮುಡಿದ ಸಂಜೆಯೇ ರಟ್ಟೀಹಳ್ಳಿಯ ನಾದಿನಿಯ ಮನೆಗೆ ಹೋದೆವು. ಮಳೆ ಹಿಡಿದು, ಅವಳು ಬಿಡದೆ, ಅಲ್ಲೇ ಉಳಿದೆವು. ತಿರುಗಿ ಬಂದು ಬಟ್ಟೆ ತೆಗೆದರೆ ಚಾಕುಗಳೆಲ್ಲ ಬಾಯಿ ಕಟ್ಟಿ ಕೂತಿದ್ದವು. ಕೀಲುಗಳಲ್ಲಿ ಅರಿಶಿನ, ಹಾಲಿನ ಗಷ್ಟು, ಕೆಂಪು ತುಕ್ಕು. ಸೀಮೆಎಣ್ಣೆ ಬಿಟ್ಟು, ಬಿಸಿಲಿಗಿಟ್ಟು, ಒಂದೊಂದನ್ನೇ ಬಿಡಿಸಿದೆ. ಕೊಂಬಿನದು ಬಿಡಲಿಲ್ಲ. ನಮ್ಮವರು ಅದನ್ನು ಬಕ್ಕಲಿಗೆ ಸಿಕ್ಕಿಸಿ ಜೋರಾಗಿ ಎಳೆದರು. ಒಳಗೆ ಟಕ್ ಎಂದಿತು. ಸಾಬರು ಸವೆಸಿ ತೆಳ್ಳಗೆ ಮಾಡಿದ್ದ ಸ್ಪ್ರಿಂಗ್ ಮುರಿದಿತ್ತು.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. "ಹೋತು ಬಿಡು," ಎಂದರು. "ಸಾಕಿನ್ನ. ಆ ಡಬ್ಬಿ ಮುಚ್ಚಿಡು. ಯಾರನೂ ಏನೂ ಕೇಳೂದು ಬ್ಯಾಡ."

ಅತ್ತೆ ಒಲೆಯ ಮುಂದೆ ಕೂತಿದ್ದರು. ಮರುದಿನ ಮುಂಜಾನೆ ನೋಡಿದರೆ ಮುರಿದ ಚಾಕುವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ.

"ಏಳೋ. ಕಮ್ಮಾರನ ಕಡೆ ನಡಿ."

"ಅದು ಆಗಂಗಿಲ್ಲಬೇ."

"ಆಗತೈತೋ ಇಲ್ಲೋ ಅವ ಹೇಳ್ತಾನ. ನೀ ಅಷ್ಟ ಕಾಲು ಎತ್ತಿಡು."

ನಾನೂ ಹೋದೆ. ಕಮ್ಮಾರ ಕುಲುಮೆಯ ಬೆಳಕಿಗೆ ಹಿಡಿದು ನೋಡಿದ. ಮೂಸಿಯೂ ನೋಡಿದ. "ಇದಕ್ಕ ಯಾರು ಹಾಲು ಕುಡಿಸ್ಯಾರ?"

"ನಾನ," ಎಂದರು ಅತ್ತೆ. "ತುಪ್ಪ ಹಾಕಿರಲಿಲ್ಲ, ಪುಣ್ಯಾ ತಿಳಿ."

ಅವನು ಹಿಂದಿನ ಮೊಳೆ ತಟ್ಟಿ ತೆಗೆದು, ಮುರಿದ ಸ್ಪ್ರಿಂಗಿನ ತುಂಡುಗಳನ್ನು ಹೊರಕ್ಕೆ ಕೆಡವಿದ. ಕೀಲಿಗೆ ಎಣ್ಣೆ ಬಿಟ್ಟ. "ಸ್ಪ್ರಿಂಗ್ ನನ್ನ ಹತ್ರ ಇಲ್ಲ. ಇದು ಇನ್ನ ಚಾಕು ಅಲ್ರಿ. ನಾಯಿ ನಾಲಿಗಿ ಆದಂಗ ಆತು ನೋಡ್ರಿ, ಜೋತಾಡತೈತಿ" ಎಂದು ಹಲಗೆಯ ಮೇಲಿಟ್ಟ.

ನಮ್ಮವರು ಅದನ್ನು ಎತ್ತಿಕೊಂಡರು. ಎತ್ತುವಾಗಲೇ ಅಲಗು ತಾನಾಗಿ ಹೊರಕ್ಕೆ ಬಿತ್ತು. ಕಮ್ಮಾರ ನಕ್ಕ. ಇವರು ತೊಡೆಗೆ ತಟ್ಟಿ ಮುಚ್ಚಿದರು, ಮಣಿಕಟ್ಟು ಸ್ವಲ್ಪ ಒಗೆದರು. ಮತ್ತೆ ತೆರೆಯಿತು. ಮತ್ತೆ ಮುಚ್ಚಿದರು, ತೆರೆದರು. ಎಡಗೈ ಮಡಿಲಲ್ಲಿ ಸುಮ್ಮನೆ ಮಲಗಿತ್ತು. ಕಮ್ಮಾರನ ನಗು ನಿಂತಿತು.

ಅವನೇ ಒಂದು ಚರ್ಮದ ಪಟ್ಟಿ ಕೊಟ್ಟು ಕೊಯ್ದು ನೋಡಿ ಎಂದ. ಅಲಗು ಒತ್ತಿದ ಕೂಡಲೆ ತಡೆಯುವವರಿಲ್ಲದೆ ಒಮ್ಮೆ ಹಿಂದಕ್ಕೆ ಮಗುಚಿತು, ಇನ್ನೊಮ್ಮೆ ಬೆರಳಿನ ಕಡೆಗೇ ಮಡಚಿಕೊಂಡು ಬಂತು. "ಏ, ಬಿಡ್ರಿ ಬಿಡ್ರಿ!" ಎಂದು ಕಮ್ಮಾರ ಚೀರಿದ. ತೆರೆಯುತ್ತದೆ, ಆದರೆ ನಿಲ್ಲುವುದಿಲ್ಲ. ನಾನು ಮತ್ತೆ ಆಸೆ ಬಿಟ್ಟೆ. ನಮ್ಮವರು ಬಿಡಲಿಲ್ಲ. ಅಲಗಿನ ಬುಡವನ್ನು, ಕೀಲಿನ ಹಿಂದೆ ಇಣುಕುತ್ತಿದ್ದ ಮೋಟು ತುದಿಯನ್ನು, ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದರು.

"ಇದು ಇನ್ನೊಂದು ಬೆರಳಷ್ಟು ಉದ್ದ ಇದ್ದಿದ್ರ," ಎಂದರು ನಿಧಾನವಾಗಿ. "ಬಾಲ ಇದ್ದಂಗ. ಮುಚ್ಚಿದಾಗ ಹೊರಗ ಚಾಚಿರತೈತಿ, ಹೆಬ್ಬಟ್ಟಿಲೆ ಒತ್ತಿದ್ರ ಅಲಗು ಹೊರಗ ಬರ್ತೈತಿ. ತೆರದಾಗ ಆ ಬಾಲ ಹಿಡಿಕಿ ಬೆನ್ನಿಗೆ ಬಂದು ಕುಂದ್ರತೈತಿ. ಅಂಗೈಲೆ ಅದನ್ನೂ ಕೂಡೇ ಹಿಡದಬಿಟ್ರ ಹೆಂಗ ಮಡಚತೈತಿ ಅದು?"

ಕಮ್ಮಾರ ತಲೆ ಕೆರೆದುಕೊಂಡ. "ಬಾಲದ ಚಾಕು ನಾ ಯಾವತ್ತೂ ಮಾಡಿಲ್ಲರಿ."

"ನಾ ಏನು ಯಾವತ್ತೂ ಮಾಡಿಸೇನೇನು?"

"ಇಬ್ಬರೂ ಮಾಡಿಲ್ಲ ಅಂದ ಮ್ಯಾಲ ಜಗಳ ಯಾಕ," ಎಂದರು ಅತ್ತೆ. "ಕುಲುಮಿ ಊದು."

ಹೊಸ ಅಲಗನ್ನು ಮುರಿದ ಗರಗಸದ ತುಂಡಿನಿಂದ ಮಾಡಿದ. ಮೊದಲನೆಯದರ ಬಾಲ ಮೋಟಾಯಿತು, ಹೆಬ್ಬೆರಳಿಗೆ ಸಿಗಲಿಲ್ಲ. ಎರಡನೆಯದರ ಬಾಲ ಸರಿಯಿತ್ತು, ಆದರೆ ಕೀಲಿನ ಮೊಳೆ ಅತಿ ಬಿಗಿ. ಸುತ್ತಿಗೆಯ ಒಂದು ಏಟು ಹೆಚ್ಚಾದರೆ ಅಲುಗದು, ಒಂದು ಏಟು ಕಡಿಮೆಯಾದರೆ ಕಿಸೆಯಲ್ಲಿ ತೆರೆದೀತು. ನಾವು ಹೋಗುವುದು, ಅವನು ತಟ್ಟುವುದು, ನಮ್ಮವರು ಹತ್ತಾರು ಸಲ ತೆರೆದು ಮುಚ್ಚಿ, "ಒಂದು ಕೂದಲಷ್ಟು" ಎನ್ನುವುದು, ಅವನು "ಕೂದಲಾ ಎಲ್ಲಿಂದ ತರ್ಲಿರಿ" ಎಂದು ಗೊಣಗಿ ಮತ್ತೆ ತಟ್ಟುವುದು. ಕೊನೆಗೆ ಒಂದು ಸಂಜೆ ಚಾಕು ಸರಿಯಾಯಿತು. ಅದು ನೋಡಲು ಚೆಂದವಿರಲಿಲ್ಲ. ಕಪ್ಪು ಕೊಂಬಿನಿಂದ ಒಂದು ಬಾಲ ಹೊರಗೆ ಇಣುಕುತ್ತಿತ್ತು, ಇಲಿ ಬಿಲದಲ್ಲಿ ಅರ್ಧ ಹೊಕ್ಕ ಹಾಗೆ. ನನ್ನ ಡಬ್ಬಿಯ ಯಾವ ಚಾಕುವಿಗೂ ಅದನ್ನು ಹೋಲಿಸಲು ಬರುತ್ತಿರಲಿಲ್ಲ. ಆದರೂ ಮನೆಗೆ ತಂದು ಟೊಮೆಟೊ, ಹುರಿ, ಪೆನ್ಸಿಲ್ ಇಟ್ಟೆ. ಗರಗಸದ ಉಕ್ಕು ಮೂರನ್ನೂ ಗೆದ್ದಿತು.

ಸಾಬರು ಸ್ಪ್ರಿಂಗ್ ಸವೆಸದಿದ್ದರೆ ಅದು ಮುರಿಯುತ್ತಿರಲಿಲ್ಲ. ಅತ್ತೆ ಹಾಲು ಎರೆಯದಿದ್ದರೆ ತುಕ್ಕು ಹಿಡಿಯುತ್ತಿರಲಿಲ್ಲ. ರಟ್ಟೀಹಳ್ಳಿಯಲ್ಲಿ ಮಳೆ ನಿಂತಿದ್ದರೆ ನಾವು ಬೇಗ ಬಂದು ಒರೆಸಿಡುತ್ತಿದ್ದೆವು. ಆಗ ನಮ್ಮವರು ಹತ್ತರಲ್ಲಿ ನಾಲ್ಕು ಸಲ ತೆರೆಯುವ ಚಾಕುವನ್ನೇ ನಂಬಿ, ಉಳಿದ ಆರು ಸಲ ಯಾರನ್ನೋ ಕೇಳುತ್ತ ಇರುತ್ತಿದ್ದರು. ಇಷ್ಟು ಮಂದಿಯ ಒಳ್ಳೆಯತನ ಮತ್ತು ಇಷ್ಟು ಕೆಡುಕು ಸೇರಿ ಒಂದು ಒಳ್ಳೆಯದಾಯಿತು ಎಂದು ನಾನು ಆಗಾಗ ಲೆಕ್ಕ ಹಾಕುತ್ತೇನೆ. ಯಾರಿಗೆ ಮೊದಲು ಕೈ ಮುಗಿಯಬೇಕೋ ತಿಳಿಯುವುದಿಲ್ಲ, ಎಲ್ಲರಿಗೂ ಮುಗಿಯುತ್ತೇನೆ.

ಮುಂದಿನ ವಾರ ಅವರು ಹಿರೇಕೆರೂರಿನ ತಂಡದ ಮುಖ್ಯಸ್ಥನನ್ನು ಕೇಳಿದರು. ಮಾಸೂರಿನ ಕಡೆ, ಮದಗದ ಕೆರೆಯ ನೀರಿನ ಗದ್ದೆಗಳಲ್ಲಿ ಲೈನ್ ಬಿದ್ದಿತ್ತು, ಕೈಗಳು ಬೇಕಾಗಿದ್ದವು. "ಬರ್ರಿ, ನೋಡೂಣು" ಎಂದನಂತೆ. ಮುಂಜಾನೆ ಬುತ್ತಿ ಕಟ್ಟಿದೆ. ಹೊರಡುವಾಗ ಅವರು ಕಿಸೆ ಮುಟ್ಟಿ ನೋಡಿಕೊಂಡರು. ನಾನೂ ಅತ್ತೆಯೂ ನೋಡದವರ ಹಾಗೆ ಇದ್ದೆವು.

ಆ ದಿನ ನನಗೆ ಯಾವ ಕೆಲಸವೂ ಸಾಗಲಿಲ್ಲ. ಜೋಳ ಬೀಸಿಸಲು ಹೋಗಿ ಗಿರಣಿಯಲ್ಲೇ ಚೀಲ ಮರೆತು ಬಂದೆ. ಅತ್ತೆ ಕಟ್ಟೆಯ ಮೇಲೆ ಕೂತು ದಾರಿ ನೋಡಿ, ನಾನು ಬಂದರೆ ಬತ್ತಿ ಹೊಸೆಯುವವರಂತೆ ಮಾಡುತ್ತಿದ್ದರು. ಬಿದ್ದ ಲೈನ್ ಏಳಬಹುದು. ಆದರೆ ಇವರು ಮತ್ತೆ "ತಮ್ಮಾ, ತೆರದು ಕೊಡೋ" ಎಂದು ಕೇಳಬೇಕಾಗಿ ಬಂದಿದ್ದರೆ, ನಾಳೆಯಿಂದ ಆ ಸಾಮಾನಿನ ಕೋಣೆಯಿಂದ ಅವರನ್ನು ಹೊರಗೆ ತರುವುದು ಯಾರ ಕೈಯಲ್ಲೂ ಆಗುವುದಿಲ್ಲ ಎಂದು ನಮಗೆ ಗೊತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಬಂದರು. ಮೊಣಕಾಲಿನವರೆಗೆ ಕೆಸರು. ಕೈಕಾಲು ತೊಳೆದು ತಾಟಿನ ಮುಂದೆ ಕೂತರು. ನಾನು ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದೆ. ಮೊದಲ ತುತ್ತು ಇನ್ನೂ ನುಂಗಿರಲಿಲ್ಲ, ಶುರು ಮಾಡಿದರು.

"ಮಾಸೂರಾಗ ಒಂದು ಎಮ್ಮಿ ಐತಿಬೇ. ಕಂಬ ನಿಲ್ಲಸೋ ಕುಣ್ಯಾಗ ನೀರು ತುಂಬಿತ್ತು, ಹೋಗಿ ಅದರಾಗ ಮಲಗೈತಿ. ಎಬ್ಬಿಸಿದ್ರ ಏಳವಲ್ದು. ಅದರ ಮಾಲಕ ಬಂದು ಅಂತಾನ, 'ನಿಮ್ಮ ಕಂಬಾನ ಆ ಕಡೆ ಸರಸ್ರಿ, ನನ್ನ ಎಮ್ಮಿ ಗಬ್ಬ ಐತಿ.' ನಮ್ಮ ಮುಖ್ಯಸ್ಥಗ ಸಿಟ್ಟು ಬಂತು ನೋಡು..."

ಅತ್ತೆ ನನ್ನ ಮುಖ ನೋಡಿದರು. ನಾನು ಕಾದೆ. ಎಮ್ಮೆ ಎದ್ದಿತು, ಕಂಬ ನಿಂತಿತು, ಗದ್ದೆಯವರು ಮಜ್ಜಿಗೆ ಕೊಟ್ಟರು, ಚಪ್ಪಲಿ ಹಾಕಿಕೊಂಡು ಕಂಬ ಹತ್ತಲು ಹೋದ ಹೊಸಬನಿಗೆ ಇವರು ಬೈದರು. ಚಾಕುವಿನ ಮಾತೇ ಬರಲಿಲ್ಲ. ಕೊನೆಗೆ ನಾನೇ ಕೇಳಿದೆ.

"ತಂತಿ ಸುಲಿಯೋದು ಹೆಂಗಾತ್ರಿ?"

"ಹೆಂಗಾತು ಅಂದ್ರ? ಸುಲಿದ್ವಿ, ಜೋಡಿಸಿದ್ವಿ. ಅದ ಕೆಲಸ ಅಲ್ಲಾ?" ಎಂದು ನನ್ನನ್ನು ವಿಚಿತ್ರವಾಗಿ ನೋಡಿದರು. "ಪಲ್ಯ ಐತೇನು ಇನ್ನಷ್ಟು?"

ಇತ್ತು. ನಾನು ಸೌಟು ತುಂಬ ಹಾಕಿದೆ, ಅತ್ತೆ ಇನ್ನೊಂದು ರೊಟ್ಟಿ ಮುರಿದು ತಾಟಿಗಿಟ್ಟರು. ನಮ್ಮವರು ಆ ಎಮ್ಮೆಯ ಮಾಲಕ ಆಮೇಲೆ ಏನಂದ ಎಂಬುದನ್ನು ಮುಂದುವರಿಸಿದರು.